ಸೇಡಂ ರಸ್ತೆ, ರಿಂಗ್ ರೋಡ್ ಆಚೆ: ಬಸ್ಸು, ಟಂಟಂ, ಬಿಆರ್‌ಟಿಎಸ್, ರೈಲು, ಯಾವುದು ನಡೀತದ?

ಸೇಡಂರೋಡ್_ಅಂಗಡಿ
ಎಲ್ಲಾರಿಗೂ ನಮಸ್ಕಾರ. ಕಲಬುರಗಿ ಈಗ ಪೂರ್ವಕ್ಕ ಬೆಳಿಲಾಕತ್ಯದ. ಸೇಡಂ ರಸ್ತೆಗುಂಟ ಇಎಸ್‌ಐಸಿ ಮೆಡಿಕಲ್ ಕಾಲೇಜು, ಮುಂದ ಗುಲಬರ್ಗಾ ವಿಶ್ವವಿದ್ಯಾಲಯ, ಇನ್ನೂ ಮುಂದ ಶ್ರೀನಿವಾಸ ಸರಡಗಿ ಹಂತೇಲಿ ವಿಮಾನ ನಿಲ್ದಾಣ. ನಡುವಿನ ಜಾಗಾದಾಗ ಶೋರೂಮು, ಹೋಟೆಲ್ಲು, ಕೋಚಿಂಗ್ ಕ್ಲಾಸು, ದವಾಖಾನಿ, ಕಲ್ಯಾಣ ಮಂಟಪ ಒಂದರ ಹಿಂದ ಒಂದು ಏಳಲಾಕತ್ಯಾವ. ಆದ್ರ ಅಲ್ಲಿ ಕೆಲಸಕ್ಕ ಬರೋ ಹುಡುಗ ಹುಡುಗಿಯರು ಹ್ಯಾಂಗ ಬರಬೇಕು, ಗಿರಾಕಿ ಹ್ಯಾಂಗ ಬರಬೇಕು ಅನ್ನೋದು ಯಾರೂ ಕುಂತು ಲೆಕ್ಕ ಹಾಕಿಲ್ಲ. ಬೈಕ್ ಇದ್ದವರು ಬರ್ತಾರ, ಇಲ್ಲದವರು ಟಂಟಂದಾಗ (ಶೇರ್ ಆಟೋದಾಗ) ಜೋತು ಬಿದ್ದು ಬರ್ತಾರ.

ನಾವೊಂದಿಷ್ಟು ಅಂಗಡಿಯವರು ಸೇರಿ ಒಂದು ಮನವಿ ಬರೀಬೇಕಂತ ಮಾಡೀವಿ. ಬರೀ "ಬಸ್ ಬಿಡ್ರಿ" ಅಂತ ಬರದ್ರ ಕಡತದಾಗ ಕೂಡ್ತದ. ಏನು ಕೇಳಬೇಕು, ಎಷ್ಟು ಕೇಳಬೇಕು, ಯಾವುದು ಈ ರಸ್ತೆಗೆ ಹೊಂದ್ತದ, ಯಾವುದು ಹೊಂದಂಗಿಲ್ಲ? ತಿಳಿದವರು ಲೆಕ್ಕ ಸಮೇತ ಹೇಳ್ರಿ.

ಮೇಲ್ಸೇತುವೆ
ಈಗಿನಿಂದಲೇ ದೊಡ್ಡದಾಗಿ ಕೇಳಬೇಕು. ಮೆಟ್ರೋಲೈಟ್ (ಹಳಿ ಮೇಲಿನ ಚಿಕ್ಕ ಮೆಟ್ರೋ) ಇಲ್ಲವೇ ಮೆಟ್ರೋ ನಿಯೋ (ಮೇಲಿನ ತಂತಿಯ ವಿದ್ಯುತ್ತಿನಿಂದ ರಬ್ಬರ್ ಗಾಲಿ ಮೇಲೆ ಓಡೋ ಗಾಡಿ). ಎರಡನೇ ಸ್ತರದ ನಗರಗಳಿಗಂತಲೇ ಕೇಂದ್ರ ಸರ್ಕಾರ 2019 ಮತ್ತು 2020ರಲ್ಲಿ ಇವುಗಳ ಮಾನದಂಡ ಹೊರಡಿಸಿದೆ. 2021ರ ಬಜೆಟ್‌ನಲ್ಲಿ ನಾಸಿಕ್‌ಗೆ ನಿಯೋ ಘೋಷಣೆ ಆಯಿತು. ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣದ ತನಕ ಒಂದು ಗೆರೆ ಎಳೆದರೆ ಸಾಕು. ರಸ್ತೆಗೆ ಇಕ್ಕೆಲ ಕಟ್ಟಡ ತುಂಬಿದ ಮೇಲೆ ಜಾಗ ಎಲ್ಲಿಂದ ತರ್ತೀರಿ?

ಗಂಜ್_ಗೇಟ್
ಬಸ್ಸಿಗೆ ಒಂದು ನೆರಳಿಲ್ಲ, ಇವರು ಕಂಬದ ಮ್ಯಾಲಿನ ಗಾಡಿ ಕೇಳಲಾಕತ್ಯಾರ.

ಫಾರಂ_ನಾಲ್ಕು
ಗಾಡಿ ಯಾವುದೆಂಬ ಪ್ರಶ್ನೆ ಆಮೇಲೆ. ಮೊದಲು ಜನ ಎಷ್ಟು ಎಂದು ತಿಳಿಯಬೇಕು. ಸಾರಿಗೆಯಲ್ಲಿ ಇದನ್ನು ಅಳೆಯೋದು ದಟ್ಟಣೆಯ ಒಂದು ಗಂಟೆಯಲ್ಲಿ ಒಂದೇ ದಿಕ್ಕಿಗೆ ಎಷ್ಟು ಜನ ಹೋಗ್ತಾರೆ ಅನ್ನೋದರ ಮೇಲೆ. ಮೆಟ್ರೋ ನಿಯೋ ಗಂಟೆಗೆ 8,000 ಜನದ ತನಕ, ಮೆಟ್ರೋಲೈಟ್ 15,000ದ ತನಕ ಸಾಗಿಸಲಿಕ್ಕೆ ಮಾಡಿದ್ದು. 2011ರ ಜನಗಣತಿ ಪ್ರಕಾರ ಕಲಬುರಗಿ ಮಹಾನಗರ ಪಾಲಿಕೆಯ ಜನಸಂಖ್ಯೆಯೇ ಸುಮಾರು 5.33 ಲಕ್ಷ. ಈಗ ಹೆಚ್ಚಾಗಿದೆ, ಒಪ್ಪೋಣ. ಆದರೂ ಒಂದೇ ರಸ್ತೆಯಲ್ಲಿ, ಒಂದೇ ದಿಕ್ಕಿಗೆ, ಒಂದೇ ಗಂಟೆಯಲ್ಲಿ ಅಷ್ಟು ಜನ ಹೊರಡೋದಿಲ್ಲ. 2017ರ ಮೆಟ್ರೋ ನೀತಿ ಪ್ರಕಾರ ಬೇರೆ ಪರ್ಯಾಯಗಳನ್ನೆಲ್ಲ ಹೋಲಿಸಿ ನೋಡಿದ ವರದಿ ಕೊಡದೆ ಅರ್ಜಿಯನ್ನೇ ಹಾಕೋಹಾಗಿಲ್ಲ. ಆ ಹೋಲಿಕೆಯಲ್ಲಿ ಬಸ್ಸೇ ಗೆಲ್ಲುತ್ತದೆ.

ಈಗ ಬಸ್ಸಿನ ಲೆಕ್ಕ. ಮಾರ್ಗ ಒಂದು ಕಡೆಗೆ 10 ಕಿ.ಮೀ ಎಂದು ಹಿಡಿಯಿರಿ. ಊರೊಳಗಿನ ಸಿಗ್ನಲ್ಲು, ನಿಲುಗಡೆ ಎಲ್ಲ ಸೇರಿ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಹೋಗಲು 40 ನಿಮಿಷ, ಬರಲು 40, ಎರಡೂ ತುದಿಯಲ್ಲಿ ಐದೈದು ನಿಮಿಷ ನಿಲುಗಡೆ. ಒಂದು ಸುತ್ತಿಗೆ 90 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ ಬೇಕೆಂದರೆ 90ನ್ನು 10ರಿಂದ ಭಾಗಿಸಿ: 9 ಬಸ್ಸು, ಕೆಟ್ಟರೆ ಹಾಕಲು ಇನ್ನೊಂದು. 15 ನಿಮಿಷಕ್ಕೊಂದು ಅಂದರೆ 6. ಅರ್ಧ ತಾಸಿಗೊಂದು ಅಂದರೆ 3.

ಮೂರು ಬಸ್ಸು ಕೊಟ್ಟು "ಸೇವೆ ಆರಂಭಿಸಿದ್ದೇವೆ" ಅಂತ ಹೇಳೋದು ಸುಲಭ. ಆದರೆ ಅರ್ಧ ತಾಸಿಗೊಂದು ಬಸ್ಸು ಇರುವ ಕಡೆ ಜನ ಸರಾಸರಿ ಕಾಲು ತಾಸು ನಿಲ್ಲಬೇಕು. ಅಷ್ಟರಲ್ಲಿ ನಾಲ್ಕು ಟಂಟಂ ಬಂದು ಹೋಗಿರ್ತಾವೆ. ಬಸ್ಸು ಖಾಲಿ ಓಡುತ್ತದೆ, ಆರು ತಿಂಗಳಿಗೆ "ಆದಾಯ ಇಲ್ಲ" ಎಂದು ಟ್ರಿಪ್ ಕಡಿಮೆ ಮಾಡ್ತಾರೆ. ಮನವಿಯಲ್ಲಿ ಬಸ್ಸಿನ ಸಂಖ್ಯೆ ಕೇಳಬೇಡಿ. ಎಷ್ಟು ನಿಮಿಷಕ್ಕೊಂದು ಬಸ್ಸು ಅಂತ ಕೇಳಿ.

ಮೇಲ್ಸೇತುವೆ
ಇವತ್ತಿನ ಜನರ ಲೆಕ್ಕ ಹಿಡಿದು ಇಪ್ಪತ್ತು ವರ್ಷದ ಯೋಜನೆ ಮಾಡೋಕೆ ಆಗಲ್ಲ. ಜಾಗವನ್ನಾದರೂ ಈಗ ಕಾಯ್ದಿರಿಸಬೇಕು, ಅಷ್ಟೇ ನನ್ನ ವಾದ.

ಫಾರಂ_ನಾಲ್ಕು
ಜಾಗ ಕಾಯ್ದಿರಿಸಿ ಅನ್ನೋದಕ್ಕೆ ನನ್ನ ತಕರಾರಿಲ್ಲ. ಕಟ್ಟಡ ಪರವಾನಗಿ ಕೊಡುವಾಗ ರಸ್ತೆ ಅಂಚಿನಿಂದ ಬಿಡಬೇಕಾದ ಜಾಗ ಬಿಡಿಸಿದರೆ ನಾಳೆ ಏನು ಬೇಕಾದರೂ ಮಾಡಬಹುದು. ಆದರೆ ದುಡ್ಡು ಈಗ ಬಸ್ಸಿಗೆ ಹೋಗಬೇಕು.

ಹುಬ್ಬಳ್ಳಿ_ಕಡೆಯಂವ
ನಡುವೆ ಒಂದು ದಾರಿ ಐತಲ್ರೀ, ಬಿಆರ್‌ಟಿಎಸ್. ಹುಬ್ಬಳ್ಳಿ–ಧಾರವಾಡದಾಗ 22 ಕಿ.ಮೀ ಬಸ್ಸಿಗಂತ ಬ್ಯಾರೆ ದಾರಿ ಮಾಡಿ ಚಿಗರಿ ಬಸ್ ಬಿಟ್ಟಾರ. 2018ರಾಗ ಪ್ರಾಯೋಗಿಕ ಓಡಾಟ ಚಾಲೂ ಆತು, 2020ರ ಫೆಬ್ರುವರಿಯಾಗ ಉದ್ಘಾಟನೆ. ಎಸಿ ಬಸ್ಸು, ಹತ್ತೋ ಮೊದಲೇ ಟಿಕೆಟ್, ನವನಗರದ ಮ್ಯಾಲ ಹೋಗೋವಾಗ ಬಾಜೂಕ ಕಾರು ನಿಂತಿರ್ತಾವ, ಬಸ್ ಸುಮ್ನ ಹೊಕ್ಕೊಂಡ ಹೋಗ್ತೈತಿ.

ಆದ್ರ ಅಲ್ಲಿ ಆದ ತೊಂದ್ರಿನೂ ಹೇಳ್ಬೇಕು. ನಡುರಸ್ತೆದಾಗ ನಿಲ್ದಾಣ ಇದ್ರ ಪ್ರತಿ ಪ್ರಯಾಣಿಕನೂ ಅರ್ಧ ರಸ್ತೆ ದಾಟಬೇಕು. ದಾಟಾಕ ಸಿಗ್ನಲ್ ಸರಿ ಇರದಿದ್ರ ಮುದುಕರು ಹತ್ತಂಗಿಲ್ಲ. ಮತ್ತ ಉಳಿದ ಗಾಡಿಗೆ ಉಳಿಯೋ ರಸ್ತೆ ಇಕ್ಕಟ್ಟಾತು ಅಂತ "ಆ ದಾರಿ ನಮಗೂ ಬಿಡ್ರಿ" ಅನ್ನೋ ಒತ್ತಾಯ ನಿಲ್ಲಂಗಿಲ್ಲ. ಅದು ಎರಡು ದೊಡ್ಡ ಊರ ಜೋಡಿಸೋ ದಾರಿ. ನಿಮ್ಮಲ್ಲಿ ಒಂದು ಕಡೆ ಊರು, ಇನ್ನೊಂದು ಕಡೆ ಬಯಲು. ಮುಂಜಾನಿ ಹೋಗೋ ಬಸ್ ತುಂಬಿರ್ತಾವ, ಬರೋವು ಖಾಲಿ.

ಎರಿಮಣ್ಣು
ಅಗಲದ ಲೆಕ್ಕ ಹೇಳ್ತೇನೆ, ಯಾರಾದರೂ ಟೇಪ್ ಹಿಡಿದು ನೋಡಿ. ಎರಡು ಬಸ್ ಪಥ, ತಲಾ 3.5 ಮೀಟರ್: 7. ನಿಲ್ದಾಣ ಇರುವಲ್ಲಿ 3 ರಿಂದ 4. ಉಳಿದ ವಾಹನಕ್ಕೆ ಪ್ರತಿ ಕಡೆ ಎರಡು ಪಥ: 13. ಪಾದಚಾರಿ ಮಾರ್ಗ ಎರಡೂ ಕಡೆ, ಗಟಾರ ಸೇರಿ ಕನಿಷ್ಠ 5. ಇಲ್ಲಿಗೇ 28–29 ಮೀಟರ್ ಆಯಿತು, ಇನ್ನೂ ಪಾರ್ಕಿಂಗ್, ಗಿಡ, ಕೇಬಲ್ಲು, ನೀರಿನ ಪೈಪು ಬಂದಿಲ್ಲ. ಅದಕ್ಕೇ ಹುಬ್ಬಳ್ಳಿ–ಧಾರವಾಡದಲ್ಲಿ 35 ಮತ್ತು 44 ಮೀಟರ್ ಅಗಲ ಹಿಡಿದು ಭೂಸ್ವಾಧೀನ ಮಾಡಬೇಕಾಯಿತು.

ಸೇಡಂ ರಸ್ತೆಯ ಎಲ್ಲ ಕಡೆ ಒಂದೇ ಅಗಲ ಇಲ್ಲ. ಪೂರ್ತಿ ಉದ್ದಕ್ಕೆ ಬಸ್ ಪಥ ಬೇಡ. ಬಸ್ಸು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಮಾತ್ರ ಬಿಡಿಸಿದರೆ ಸಾಕು. ಸಾಮಾನ್ಯವಾಗಿ ಅದು ಸರ್ಕಲ್ಲಿಗೆ ಮೊದಲಿನ 100–150 ಮೀಟರ್. ಅಷ್ಟು ದೂರ ಎಡಬದಿ ಪಾರ್ಕಿಂಗ್ ನಿಲ್ಲಿಸಿ ಬಣ್ಣ ಬಳಿದು ಬಸ್ಸಿಗೆ ಬಿಟ್ಟರೆ ಕಾಂಕ್ರೀಟಿನ ಖರ್ಚೂ ಇಲ್ಲ.

ಫಾರಂ_ನಾಲ್ಕು
ಎರಿಮಣ್ಣು ಸರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸ್ತೀನಿ. ಮೇಲಿನ ಮಾರ್ಗದಲ್ಲೇ ಸರಾಸರಿ ವೇಗ 15ರಿಂದ 20ಕ್ಕೆ ಏರಿದರೆ ಒಂದು ಸುತ್ತು 90 ನಿಮಿಷದಿಂದ 70ಕ್ಕೆ ಇಳಿಯುತ್ತದೆ. ಹತ್ತು ನಿಮಿಷಕ್ಕೊಂದು ಬಸ್ಸಿಗೆ 9ರ ಬದಲು 7 ಸಾಕು. ಎರಡು ಬಸ್ಸು, ಎರಡೂ ಪಾಳಿಯ ನಾಲ್ಕು ಡ್ರೈವರ್, ನಾಲ್ಕು ಕಂಡಕ್ಟರ್ ಉಳಿದರು. ಸರ್ಕಲ್ ಹತ್ತಿರ ನಿಂತ ಹತ್ತು ಕಾರುಗಳನ್ನು ತೆಗೆಸಿದ್ದಕ್ಕೆ ಸಿಗೋ ಲಾಭ ಇದು.

ಸೇಡಂರೋಡ್_ಅಂಗಡಿ
ಅಂಗಡಿ ಮುಂದಿನ ಪಾರ್ಕಿಂಗ್ ತೆಗೀರಿ ಅಂದ್ರ ನಮ್ಮವರೇ ಮೊದಲು ಎದ್ದು ಕೂಡ್ತಾರ. ಅದು ನಾನು ಒಪ್ಪಿಸಬೇಕಾದ ಮಾತು, ಕಷ್ಟದ ಮಾತು.

ಎರಿಮಣ್ಣು
ಎಲ್ಲ ಅಂಗಡಿ ಮುಂದೆ ಅಲ್ಲ ಸರ್. ಸರ್ಕಲ್ಲಿನ ಬಾಯಿ ಮಾತ್ರ. ಮತ್ತೆ ಅಲ್ಲಿ ನಿಲ್ಲೋ ಗಾಡಿಗಳು ಯಾರವು ಅಂತ ಒಂದು ದಿನ ಬರೆದುಕೊಳ್ಳಿ. ಮುಂಜಾನೆ ಬಂದು ಸಂಜೆ ತನಕ ನಿಲ್ಲೋವು ಗಿರಾಕಿಯವಲ್ಲ, ಮಾಲೀಕರವು, ಕೆಲಸದವರವು. ಅವುಗಳನ್ನು ಹಿಂದಿನ ಓಣಿಗೆ ಕಳಿಸಿದರೆ ಗಿರಾಕಿಗೂ ಜಾಗ ಆಗ್ತದೆ.

ಮೂರುಗಾಲಿ
ಎಲ್ಲಾರೂ ಟಂಟಂನ್ನ ತೊಂದ್ರಿ ಅಂತ ಮಾತಾಡ್ಲಾಕತ್ತೀರಿ. ಖರೇ ಹೇಳ್ಬೇಕಂದ್ರ ಈ ಊರು ಈಗ ನಡದದ್ದು ಅದರ ಮ್ಯಾಲ. ಮುಂಜಾನಿ ಐದಕ್ಕ ಸಿಗ್ತದ, ರಾತ್ರಿ ಹನ್ನೊಂದಕ್ಕ ಸಿಗ್ತದ, ಕೈ ಮಾಡಿದಲ್ಲಿ ನಿಲ್ತದ, ಓಣಿಯೊಳಗ ಹೊಕ್ತದ. ಸರ್ಕಾರದ ಒಂದು ರೂಪಾಯಿ ಇಲ್ಲ. ಡ್ರೈವರ್ ತನ್ನ ಸಾಲ ತಾನೇ ಕಟ್ಕೊಂಡು ಓಡಿಸ್ತಾನ. ಬಸ್ ಬಂತು ಅಂತ ಅವರನ್ನ ಓಡಿಸಿದ್ರ ಅವರ ಮನಿ ಹ್ಯಾಂಗ ನಡೀಬೇಕು? ಮತ್ತ ಬಸ್ಸಿನವರು ಒಂದು ದಿನ ಮುಷ್ಕರ ಮಾಡಿದ್ರ ಇದೇ ಟಂಟಂ ಬೇಕಾಗ್ತದ.

ಗಂಜ್_ಗೇಟ್
ಸೀಟು ತುಂಬೋ ತನಾ ಹೊರಡಂಗಿಲ್ಲ, ಅದನ್ನೂ ಹೇಳ್ರಿ. ಡ್ರೈವರ್ ಬಾಜೂಕ ಇಬ್ಬರು, ಹಿಂದ ಐದು.

ಫಾರಂ_ನಾಲ್ಕು
ಮೂರುಗಾಲಿ ಅಣ್ಣಾರ, ಓಡಿಸೋ ಮಾತು ಯಾರೂ ಆಡಿಲ್ಲ. ಆದರೆ ಕಾನೂನಿನ ತೊಡಕು ತಿಳಿದಿರಲಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಆಟೋಗೆ ಇರೋದು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್, ಅಂದರೆ ಇಡೀ ಗಾಡಿಯನ್ನು ಬಾಡಿಗೆಗೆ ಒಯ್ಯೋ ಪರವಾನಗಿ. ದಾರಿಯುದ್ದಕ್ಕೂ ಒಬ್ಬೊಬ್ಬರನ್ನು ಹತ್ತಿಸಿ ಇಳಿಸೋದು ಸ್ಟೇಜ್ ಕ್ಯಾರೇಜ್ ಕೆಲಸ. ಪರ್ಮಿಟ್‌ಗಿಂತ ಹೆಚ್ಚು ಜನ ಕೂಡಿಸಿದಾಗ ಅಪಘಾತ ಆದರೆ ವಿಮೆ ಕಂಪನಿ ಮೊದಲು ತೆಗೆಯೋ ತಕರಾರು ಅದೇ, ಡ್ರೈವರ್ ಮನೆಯೂ ಮುಳುಗುತ್ತದೆ, ಪ್ರಯಾಣಿಕರ ಮನೆಯೂ.

ನನ್ನ ಸಲಹೆ: ಮುಖ್ಯರಸ್ತೆ ಬಸ್ಸಿಗೆ, ಅಡ್ಡರಸ್ತೆ ಟಂಟಂಗೆ. ಮುಖ್ಯರಸ್ತೆಯಿಂದ ಒಂದೆರಡು ಕಿ.ಮೀ ಒಳಗಿನ ಬಡಾವಣೆಗಳಿಗೆ 9 ಮೀಟರ್ ಬಸ್ಸು ಕಳಿಸೋದು ದಂಡ, ತಿರುಗೋಕೂ ಜಾಗ ಇರಲ್ಲ. ನಿಲ್ದಾಣದಿಂದ 30–40 ಮೀಟರ್ ಆಚೆ, ಅಡ್ಡರಸ್ತೆಯೊಳಗೆ ನಾಲ್ಕು ಆಟೋ ನಿಲ್ಲುವಷ್ಟು ಗುರುತು ಹಾಕಿ ಕೊಡಿ. ಬಸ್ಸಿನ ಮುಂದೆಯೇ ಆಟೋ ನಿಂತರೆ ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ಹಿಂದಿನ ಗಾಡಿಗಳೆಲ್ಲ ಕಟ್ಟಿಕೊಳ್ಳುತ್ತವೆ. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಹತ್ತಿರ ಗದ್ದಲ ಹೆಚ್ಚಾಗೋದಕ್ಕೆ ಇದೂ ಒಂದು ಕಾರಣ.

ಮೂರುಗಾಲಿ
ಅಡ್ಡರಸ್ತಿ ಬಾಡಿಗಿ ಕಮ್ಮಿ ಆದ್ರೂ ಸುತ್ತು ಹೆಚ್ಚಿಗಿ ಆದ್ರ ಡ್ರೈವರ್‌ಗಳು ಒಪ್ತಾರ. ಆದ್ರ ಬಸ್ ಟೈಮಿಗೆ ಬರಬೇಕು. ಬಸ್ ಇಳಿಯೋ ಮಂದಿ ಇದ್ರ ತಾನೇ ಅಡ್ಡರಸ್ತಿ ಆಟೋಕ್ಕ ಬಾಡಿಗಿ.

ಜೀರೋ_ಟಿಕೆಟ್
ಇಲ್ಲಿ ತನಕ ಹೆಂಗಸರ ಮಾತೇ ಬಂದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ, ನಗರ, ವೇಗದೂತ ಬಸ್ಸಿನಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ. ಎಸಿ, ಐಷಾರಾಮಿ ಬಸ್ಸಿಗೆ ಅನ್ವಯ ಆಗಲ್ಲ. ಶೋರೂಮು, ದವಾಖಾನೆ, ಹೋಟೆಲಿನಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ದಿನಾ ಎರಡು ಸಲ ಟಂಟಂ ದುಡ್ಡು ಉಳಿದರೆ ಅದು ಪಗಾರ ಏರಿದ ಹಾಗೆಯೇ. ಹಾಗಾಗಿ ಮನವಿಯಲ್ಲಿ "ಎಸಿ ಬಸ್" ಅಂತ ಬರೆಯೋ ಮೊದಲು ಯೋಚಿಸಿ. ಎಸಿ ಬಸ್ಸಿಗೆ ಶಕ್ತಿ ಅನ್ವಯ ಆಗದಿದ್ದರೆ ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗುಳೀತಾರೆ.

ಎರಡನೆಯದು ಸಂಜೆಯ ಮಾತು. ಅಂಗಡಿ ಮುಚ್ಚೋದು ರಾತ್ರಿ ಒಂಬತ್ತೂವರೆಗೆ. ಕೊನೆಯ ಬಸ್ಸು ಎಂಟೂವರೆಗೆ ಹೋದರೆ ಆ ಹುಡುಗಿ ಮುಂಜಾನೆಯೂ ಬಸ್ಸಿಗೆ ಬರಲ್ಲ. ವಾಪಸ್ ಬರೋ ದಾರಿ ಖಾತ್ರಿ ಇಲ್ಲದಿದ್ದರೆ ಯಾರೂ ಮನೆಯಿಂದ ಹೊರಡಲ್ಲ. ಕೊನೆಯ ಬಸ್ಸು ಅಂಗಡಿ ಮುಚ್ಚಿದ ಮೇಲೆ ಕನಿಷ್ಠ ಅರ್ಧ ತಾಸಿಗಿರಬೇಕು, ಆ ಬಸ್ಸು ಯಾವ ಕಾರಣಕ್ಕೂ ರದ್ದಾಗಬಾರದು. ನಿಲ್ದಾಣದಲ್ಲಿ ದೀಪ ಬೇಕು. ಒಂಟಿ ಜಾಗದಲ್ಲಿ ನಿಲ್ದಾಣ ಬೇಡ, ಔಷಧ ಅಂಗಡಿ, ಚಹಾ ಹೋಟೆಲ್ ತೆರೆದಿರೋ ಕಡೆ ಇರಲಿ.

ಗಂಜ್_ಗೇಟ್
ಅಕ್ಕಾರ ಹೇಳಿದ್ದು ನೂರಕ್ಕ ನೂರು ಖರೇ. ಆದ್ರ ಬಸ್ ತುಂಬಾ ಜೀರೋ ಟಿಕೆಟ್ ಇದ್ರ ಸಂಸ್ಥೆಗೆ ಏನು ಸಿಗ್ತದ?

ಜೀರೋ_ಟಿಕೆಟ್
ಕಂಡಕ್ಟರ್ ಯಂತ್ರದಿಂದ ಜೀರೋ ಟಿಕೆಟ್ ಕೊಡೋದು ಅದಕ್ಕೇ. ಆ ಟಿಕೆಟಿನ ಬೆಲೆ ಲೆಕ್ಕ ಹಿಡಿದು ಸರ್ಕಾರ ನಿಗಮಕ್ಕೆ ಕೊಡುತ್ತದೆ. ಟಿಕೆಟ್ ತಗೊಳ್ಳದೆ ಕೂತರೆ ಆ ಪ್ರಯಾಣ ಎಲ್ಲೂ ದಾಖಲಾಗಲ್ಲ, ನಾಳೆ "ಈ ಮಾರ್ಗದಲ್ಲಿ ಜನ ಇಲ್ಲ" ಅಂತ ಟ್ರಿಪ್ ತೆಗೀತಾರೆ. ಕೇಳಿ ತಗೊಳ್ಳಬೇಕು.

ವಾಡಿ_ಲೈನ್
ರೈಲಿನ ಮಾತು ತಲೆಬರಹದಲ್ಲಿದೆ, ಯಾರೂ ಎತ್ತಿಲ್ಲ. ಸೇಡಂ ರಸ್ತೆಗೆ ರೈಲು ಉಪಯೋಗ ಇಲ್ಲ. ಸೇಡಂ ಇರೋದು ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ. ಕಲಬುರಗಿಯಿಂದ ರೈಲಿನಲ್ಲಿ ಸೇಡಂಗೆ ಹೋಗಬೇಕಂದರೆ ವಾಡಿ, ಚಿತ್ತಾಪುರ ಸುತ್ತಿ ಹೋಗಬೇಕು. ಸೇಡಂ ರಸ್ತೆ ಪಕ್ಕ ಹಳಿಯೇ ಇಲ್ಲ.

ಆದರೆ ಶಹಾಬಾದ್ ರಸ್ತೆ ಕಡೆ, ನಂದೂರು ಕೈಗಾರಿಕಾ ಪ್ರದೇಶದ ಕಡೆ ನೋಡಿದರೆ ಮಾತು ಬೇರೆ. ಕಲಬುರಗಿ ಬಿಟ್ಟ ಮೇಲೆ ಹಿರೇನಂದೂರು, ಮರತೂರು, ಶಹಾಬಾದ್, ವಾಡಿ. ವಾಡಿ ತನಕ 37 ಕಿ.ಮೀ. ಮುಂಜಾನೆ, ಸಂಜೆ ಪಾಳಿಗೆ ಹೊಂದುವ ಹಾಗೆ ಒಂದು ಮೆಮು (ವಿದ್ಯುತ್ ಲೋಕಲ್ ರೈಲು) ಓಡಿದರೆ ವಾಡಿ, ಶಹಾಬಾದ್‌ನ ಕಾರ್ಮಿಕರಿಗೆ ಬಸ್ಸಿಗಿಂತ ಅಗ್ಗ. ತೊಡಕು ಏನೆಂದರೆ ಅದು ಮುಂಬೈ–ಚೆನ್ನೈ ಮುಖ್ಯ ಮಾರ್ಗ. ದೂರದ ಎಕ್ಸ್‌ಪ್ರೆಸ್ಸು, ಸಿಮೆಂಟು, ಕಲ್ಲಿದ್ದಲು ಗೂಡ್ಸು ಎಲ್ಲ ಅಲ್ಲೇ. ಪ್ಯಾಸೆಂಜರನ್ನು ಪಕ್ಕದ ಲೂಪ್ ಹಳಿಗೆ ಹಾಕಿ ನಿಲ್ಲಿಸಿದರೆ ಪಾಳಿ ತಪ್ಪಿತು. ವಾಡಿ ಆಚೆ ವಲಯವೂ ಬದಲಾಗ್ತದೆ, ಇತ್ತ ಮಧ್ಯ ರೈಲ್ವೆ, ಅತ್ತ ದಕ್ಷಿಣ ಮಧ್ಯ. ಎರಡು ವಲಯ ಕೂಡಿ ಟೈಮ್‌ಟೇಬಲ್ ಮಾಡಬೇಕು.

ಕಮಲಾಪುರ_ಬಾಳೆ
ಬೀದರ್ ಲೈನ್ ಬಿಟ್ರಿ ನೋಡ್ರಿ! 2017ರ ಅಕ್ಟೋಬರದಾಗ ಕಲಬುರಗಿ–ಬೀದರ್ 110 ಕಿ.ಮೀ ಲೈನ್ ಚಾಲೂ ಆಗ್ಯದ. ತಾಜಸುಲ್ತಾನಪುರ ನಿಲ್ದಾಣ ಊರಿಗಿ ಹತ್ತೇ ಅದ. ಕಪನೂರು ಕೈಗಾರಿಕಾ ಪ್ರದೇಶಕ್ಕ, ಹುಮನಾಬಾದ್ ರೋಡಿಗಿ ಅದು ಬರಂಗಿಲ್ಲೇನು? ಕಮಲಾಪುರದಿಂದ ಕೆಂಪು ಬಾಳಿ ಗೊನಿ ತರೋರಿಗೂ ಅನುಕೂಲ. ಸಿಟಿ ಬಸ್ಸಿನ್ಯಾಗ ಗೊನಿ ಇಡ್ಲಾಕ ಜಾಗಾ ಇಲ್ಲ, ಕಂಡಕ್ಟರ್ ಕೂಡ ಜಗಳ.

ವಾಡಿ_ಲೈನ್
ಬರುತ್ತದೆ, ದಿನಕ್ಕೆ ಬೆರಳೆಣಿಕೆ ಗಾಡಿ ಇರೋ ತನಕ ಊರ ಸಾರಿಗೆ ಅನ್ನಿಸಿಕೊಳ್ಳಲ್ಲ ಅಷ್ಟೇ. ನಿಲ್ದಾಣದಿಂದ ಕಾರ್ಖಾನೆ ಬಾಗಿಲ ತನಕ ಮತ್ತೆ ಆಟೋ ಬೇಕು. ಹುಮನಾಬಾದ್ ರಸ್ತೆಗೆ ಬೇರೆ ಚರ್ಚೆ ಶುರು ಮಾಡಿ, ಗೊನೆಯ ಲಗೇಜು ಲೆಕ್ಕವೂ ಅಲ್ಲಿ ಬರಲಿ.

ಬಿಸಿಲೂರು
ನಿಲ್ದಾಣದ ನೆರಳಿನ ಬಗ್ಗೆ ಒಂದು ಗೆರೆ ಬರೆದು ಬಿಡ್ತಾರೆ. ಕಲಬುರಗಿಯಲ್ಲಿ ಅದು ಒಂದು ಗೆರೆಯ ವಿಷಯ ಅಲ್ಲ.

ನಮ್ಮೂರು ಇರೋದು 17 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ. ಮೇ ಎರಡನೇ ವಾರದ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ. ಆಗ ನೆರಳು ಕೊಡೋದು ಚಾವಣಿ ಮಾತ್ರ. ಎರಡೂವರೆ ಮೂರರ ನಂತರ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬರುತ್ತದೆ. ಸೇಡಂ ರಸ್ತೆ ಹೆಚ್ಚುಕಮ್ಮಿ ಪಶ್ಚಿಮದಿಂದ ಪೂರ್ವಕ್ಕೆ ಹೋಗೋದರಿಂದ ಆ ಬಿಸಿಲು ರಸ್ತೆಗುಂಟ ಬಂದು ನಿಲ್ದಾಣದ ಪಕ್ಕದಿಂದ ಒಳಗೆ ಹೊಡೆಯುತ್ತದೆ, ಹಿಂದಿನಿಂದ ಅಲ್ಲ. ಎಲ್ಲ ಕಡೆ ಹಾಕೋ ಮಾದರಿಯಲ್ಲಿ ಹಿಂಬದಿಗೆ ಜಾಹೀರಾತಿನ ಗೋಡೆ, ಪಕ್ಕಕ್ಕೆ ಏನೂ ಇಲ್ಲ. ನಮ್ಮಲ್ಲಿ ಪಶ್ಚಿಮದ ಪಕ್ಕ ಮುಚ್ಚಬೇಕು, ಅದೂ ಜಾಲರಿಯಿಂದ. ಗಾಳಿ ಆಡಬೇಕು, ಬರೋ ಬಸ್ಸೂ ಕಾಣಬೇಕು.

ಒಂಟಿ ತಗಡಿನ ಚಾವಣಿ ಬೇಡವೇ ಬೇಡ. ತಗಡು ಕಾದು ಕೆಳಗಿನವರ ತಲೆ ಮೇಲೆ ಬಿಸಿ ಇಳಿಸುತ್ತದೆ. ಎರಡು ಪದರ ಹಾಕಿ ನಡುವೆ ಗೇಣು ಜಾಗ ಬಿಟ್ಟರೆ ಬಿಸಿಗಾಳಿ ಹೊರಹೋಗುತ್ತದೆ. ಕೂರಲು ಸ್ಟೀಲ್ ಬೆಂಚು ಹಾಕಿದರೆ ಏಪ್ರಿಲ್‌ನಲ್ಲಿ ಯಾರೂ ಕೂರಲ್ಲ. ಪಕ್ಕದಲ್ಲೇ ಶಹಾಬಾದ್ ಫರಸಿ ಸಿಗ್ತದೆ, ನೆರಳಿನಲ್ಲಿದ್ದರೆ ತಣ್ಣಗಿರುತ್ತದೆ, ಕಳವೂ ಆಗಲ್ಲ. ಜೊತೆಗೆ ಎರಡು ಬೇವಿನ ಗಿಡ, ಈಗಲೇ.

ಇನ್ನೊಂದು ಮುಖ್ಯ ಮಾತು: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿ ಮುಂಜಾನೆ 8ರಿಂದ ಮಧ್ಯಾಹ್ನ 1.30ರ ತನಕ. ಆಗ ದಟ್ಟಣೆಯ ಹೊತ್ತೇ ಬದಲಾಗುತ್ತದೆ. ಬಸ್ಸಿನ ವೇಳಾಪಟ್ಟಿಯೂ ಎರಡು ಬೇಕು, ಬೇಸಿಗೆಗೊಂದು, ಉಳಿದ ತಿಂಗಳಿಗೊಂದು.

ಫಾರಂ_ನಾಲ್ಕು
ಬಿಸಿಲೂರು ಸರ್ ಹೇಳಿದ ಬೇಸಿಗೆ ವೇಳಾಪಟ್ಟಿ ನಾನು ಖಂಡಿತ ಸೇರಿಸ್ತೇನೆ. ಅಂಗಡಿಯವರೂ ಬೇಸಿಗೆಯಲ್ಲಿ ಮಧ್ಯಾಹ್ನ ಬಾಗಿಲು ಎಳೆದು ಸಂಜೆ ತಡವಾಗಿ ತನಕ ತೆರೆದಿರ್ತಾರೆ. ಮಧ್ಯಾಹ್ನ 2ರಿಂದ 4ರ ತನಕ 20 ನಿಮಿಷಕ್ಕೊಂದು ಬಸ್ಸು ಸಾಕು, ಆ ಉಳಿತಾಯ ರಾತ್ರಿಗೆ ಹೋಗಲಿ. 2025ರ ನವೆಂಬರ್ ತನಕ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ 8 ತಾಸು ಕೆಲಸ, ನಡುವೆ ಬಿಡುವು ಕೊಟ್ಟರೂ ಒಟ್ಟು ಹರವು 12 ತಾಸು ಮೀರಬಾರದು ಅಂತಿತ್ತು. ಮಧ್ಯಾಹ್ನ ಬಿಡುವು ಕೊಡೋ ಶೆಡ್ಯೂಲ್ ಮಾಡೋ ಮೊದಲು ಈಗಿನ ಕಾರ್ಮಿಕ ಸಂಹಿತೆಯಲ್ಲಿ ಎಷ್ಟು ಅವಕಾಶ ಇದೆ ಅಂತ ನೋಡಿಕೊಳ್ಳಬೇಕು.

ಎರಿಮಣ್ಣು
ನಿಲ್ದಾಣ ಅಂದರೆ ಬರೀ ಚಾವಣಿ ಅಲ್ಲ, ಬಸ್ಸು ನಿಲ್ಲೋ ನೆಲವೂ ಹೌದು. ಅಲ್ಲಿಯೇ ಮೊದಲು ಕೆಡೋದು.

ನಮ್ಮದು ಎರಿ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಡಾಂಬರಿನ ಅಂಚು ದಾಟಿ ಬಸ್ಸಿನ ಎಡಗಾಲಿ ಇಳಿದರೆ ಮಳೆಗಾಲದಲ್ಲಿ ಹೂತುಹೋಗುತ್ತದೆ. ಅದಕ್ಕೇ ಡ್ರೈವರ್ ನಡುರಸ್ತೆಯಲ್ಲೇ ನಿಲ್ಲಿಸ್ತಾನೆ, ಜನ ಕೆಸರಲ್ಲಿ ಇಳಿದು ಓಡಿ ಬಂದು ಹತ್ತಬೇಕು. ಡ್ರೈವರನ್ನು ಬೈದರೆ ಪ್ರಯೋಜನ ಇಲ್ಲ. ಇನ್ನು ಡಾಂಬರಿನ ಮೇಲೇ ನಿಲ್ಲಿಸಿದರೆ, 44 ಡಿಗ್ರಿ ಬಿಸಿಲಿನಲ್ಲಿ ಮೆತ್ತಗಾದ ಡಾಂಬರು ಬ್ರೇಕಿನ ಒತ್ತಡಕ್ಕೆ ಮುಂದಕ್ಕೆ ಸರಿದು ಗಾಲಿಯ ಜಾಡು ಬೀಳುತ್ತದೆ. ಸೋರೋ ಡೀಸೆಲ್ ಡಾಂಬರನ್ನು ಕರಗಿಸುತ್ತದೆ. ಜಾಡಿನಲ್ಲಿ ನೀರು ನಿಲ್ಲುತ್ತದೆ, ಮುಂದಿನ ವರ್ಷ ಗುಂಡಿ.

ಮಾಡಬೇಕಾದ್ದು: ಕರಿಮಣ್ಣು ತೆಗೆದು 60 ಸೆಂ.ಮೀ ನಿಂದ 1 ಮೀಟರ್ ಮುರುಮು ತುಂಬಿ ನೀರು ಹಾಕಿ ರೋಲರ್ ಹೊಡೆಯೋದು, ಅದರ ಮೇಲೆ ಒಣ ಕಾಂಕ್ರೀಟಿನ ಪದರ, ಮೇಲೆ ಎಂ40 ಕಾಂಕ್ರೀಟು 20–25 ಸೆಂ.ಮೀ. ಉದ್ದ ಒಂದು ಬಸ್ಸಿಗೆ 15 ಮೀಟರ್, ಎರಡು ಒಟ್ಟಿಗೆ ಬರೋ ಕಡೆ 30. ಕಟ್ಟೆ ಎತ್ತರ 15 ಸೆಂ.ಮೀ. ಅದಕ್ಕಿಂತ ತಗ್ಗಾದರೆ ಮುದುಕರಿಗೆ ಮೆಟ್ಟಿಲು ಸಿಗಲ್ಲ, ಎತ್ತರ ಆದರೆ ಬಸ್ಸಿನ ಬಾಗಿಲು ತಾಗುತ್ತದೆ.

ಜಾಗ ಎಲ್ಲಿ ಅನ್ನೋದೂ ಮುಖ್ಯ. ಸರ್ಕಲ್ ದಾಟಿದ ಮೇಲೆ 50–75 ಮೀಟರ್ ಬಿಟ್ಟು ನಿಲ್ದಾಣ ಇರಲಿ, ಸರ್ಕಲ್ಲಿಗೆ ಮೊದಲು ಬೇಡ. ಮೊದಲೇ ಇದ್ದರೆ ನಿಂತ ಬಸ್ಸು ಎಡಕ್ಕೆ ತಿರುಗೋ ಗಾಡಿಗಳನ್ನೆಲ್ಲ ತಡೆಯುತ್ತದೆ.

ಹುಬ್ಬಳ್ಳಿ_ಕಡೆಯಂವ
ರಸ್ತೆಯಿಂದ ಒಳಗ ಕೊರದು ಬಸ್ ಬೇ ಮಾಡ್ಬೇಕೋ ಬ್ಯಾಡೋ?

ಎರಿಮಣ್ಣು
ಅಂಗಡಿ ಸಾಲಿರೋ ಭಾಗದಲ್ಲಿ ಬೇಡ. ಒಂದು ತಿಂಗಳಲ್ಲಿ ಅದು ಆಟೋ ಸ್ಟ್ಯಾಂಡ್ ಆಗ್ತದೆ. ಬಸ್ಸು ಒಳಗೆ ಹೊಕ್ಕರೂ ವಾಪಸ್ ಬರೋಕೆ ಯಾರೂ ದಾರಿ ಬಿಡಲ್ಲ. ವಿಶ್ವವಿದ್ಯಾಲಯ ದಾಟಿ ಗಾಡಿಗಳು ಜೋರಾಗಿ ಓಡೋ ಭಾಗದಲ್ಲಿ ಮಾತ್ರ ಬೇ ಬೇಕು, ಅಲ್ಲಿ ಹಿಂದಿನಿಂದ ಲಾರಿ ಗುದ್ದೋ ಭಯ ಇದೆ.

ಚಾರ್ಜರ್
ಬಸ್ಸು ಯಾವುದು? ಡೀಸೆಲ್ಲಾ, ವಿದ್ಯುತ್ತಾ? 2023ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆ 3 ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರಗಳಿಗೆ. ಜನಸಂಖ್ಯೆಯಲ್ಲಿ ಕಲಬುರಗಿಗೆ ತೊಂದರೆ ಇಲ್ಲ. ಬಸ್ಸು ಖಾಸಗಿಯವರದು, ಕಿ.ಮೀ ಲೆಕ್ಕದಲ್ಲಿ ದುಡ್ಡು. ಕೇಂದ್ರದ ನೆರವು 12 ಮೀಟರ್ ಬಸ್ಸಿಗೆ ಕಿ.ಮೀಗೆ ₹24, 9 ಮೀಟರ್‌ಗೆ ₹22, 7 ಮೀಟರ್‌ಗೆ ₹20. ಉಳಿದದ್ದು ಟಿಕೆಟ್ಟು, ರಾಜ್ಯದ ಪಾಲು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣದಿಂದ ಬಸ್ಸು ಖರೀದಿ ಮಾಡಬಹುದು ಅನ್ನೋರು ಒಂದು ಮರೀತಾರೆ: ಖರೀದಿ ಒಂದೇ ಸಲದ ಖರ್ಚು, ಓಡಿಸೋದು ದಿನದ ಖರ್ಚು. ಮನವಿಯಲ್ಲಿ ಎರಡನೆಯದಕ್ಕೆ ದಾರಿ ಕೇಳಬೇಕು.

ತಾಂತ್ರಿಕ ಲೆಕ್ಕ: ಫಾರಂ_ನಾಲ್ಕು ಸರ್ ಹೇಳಿದ ಮಾರ್ಗದಲ್ಲಿ ಒಂದು ಸುತ್ತು 20 ಕಿ.ಮೀ, ದಿನಕ್ಕೆ ಹತ್ತು ಸುತ್ತು ಅಂದರೆ 200 ಕಿ.ಮೀ. 9 ಮೀಟರ್ ಬಸ್ಸು ಕಿ.ಮೀಗೆ ಹತ್ತಿರ ಹತ್ತಿರ 1 ಯೂನಿಟ್ ತಿನ್ನುತ್ತದೆ ಅಂತ ಹಿಡಿದರೆ 200 ಯೂನಿಟ್. ಬೇಸಿಗೆಯಲ್ಲಿ ಎಸಿ ಓಡಿದರೆ ಇನ್ನೂ ಹೆಚ್ಚು. ರಾತ್ರಿ ಒಂದೇ ಚಾರ್ಜಿನಲ್ಲಿ ದಿನ ಪೂರ್ತಿ ಆಗಲ್ಲ. ಮಧ್ಯಾಹ್ನ ಜನ ಕಡಿಮೆ ಇರೋವಾಗ ಒಂದೊಂದನ್ನೇ ತಂದು 120 ಕಿಲೋವ್ಯಾಟ್ ಚಾರ್ಜರಿಗೆ ಅರ್ಧ ತಾಸು ಹಚ್ಚಿದರೆ 60 ಯೂನಿಟ್ ಏರುತ್ತದೆ. ಚಾರ್ಜರ್ ಡಿಪೋದಲ್ಲಿ ಮಾತ್ರ ಇದ್ದರೆ ಬರೋ ಹೋಗೋ ಖಾಲಿ ಓಟವೇ ದಂಡ, ಮಾರ್ಗದ ತುದಿಯಲ್ಲಿರಬೇಕು.

ಗಂಜ್_ಗೇಟ್
ತುದಿ ಅಂದ್ರ ವಿಮಾನ ನಿಲ್ದಾಣನಾ? ಅಲ್ಲಿ ತನಾ ಎಲ್ಲಾ ಬಸ್ಸು ಯಾಕ ಹೋಗ್ಬೇಕು? ಬರೋ ವಿಮಾನ ಎಷ್ಟು?

ಫಾರಂ_ನಾಲ್ಕು
ಎಲ್ಲ ಹೋಗಬೇಕಿಲ್ಲ. ಮೂರರಲ್ಲಿ ಎರಡು ವಿಶ್ವವಿದ್ಯಾಲಯದ ಬಾಗಿಲಲ್ಲಿ ತಿರುಗಲಿ, ಒಂದು ಸರಡಗಿ ತನಕ ಹೋಗಲಿ. ವಿಮಾನದವರನ್ನು ನಂಬಿ ಬಸ್ಸು ಬಿಡೋದಲ್ಲ, ಸರಡಗಿ ಊರಿನವರಿಗೂ ದವಾಖಾನೆ, ಕಾಲೇಜು ಬೇಕು.

ಇನ್ನೊಂದು ತುದಿಯದು ದೊಡ್ಡ ಪ್ರಶ್ನೆ. ಸೂಪರ್ ಮಾರ್ಕೆಟ್‌ನಲ್ಲೇ ಎಲ್ಲ ಬಸ್ಸೂ ನಿಂತು ತಿರುಗಿದರೆ ಆಳಂದ ಚೆಕ್‌ಪೋಸ್ಟ್ ಕಡೆಯಿಂದ ಸೇಡಂ ರಸ್ತೆಗೆ ಬರೋ ಹುಡುಗಿ ಇಳಿದು ಮತ್ತೊಂದು ಹತ್ತಬೇಕು, ಎರಡು ಸಲ ಕಾಯಬೇಕು. ಆಳಂದ ರಸ್ತೆ ಬಸ್ಸನ್ನೂ ಸೇಡಂ ರಸ್ತೆ ಬಸ್ಸನ್ನೂ ಕೂಡಿಸಿ ಒಂದೇ ಮಾರ್ಗ ಮಾಡಿ, ಊರು ದಾಟಿ ಹೋಗಲಿ. ನಡುವಿನ ನಿಲುಗಡೆ ಸಮಯ ಉಳೀತದೆ, ಸೂಪರ್ ಮಾರ್ಕೆಟ್‌ನ ಜಾಗವೂ ಉಳೀತದೆ.

ವಾಡಿ_ಲೈನ್
ಅದರಲ್ಲಿ ಅಪಾಯ ಇದೆ. ಆಳಂದ ರಸ್ತೆಯಲ್ಲಿ ಆದ ತಡ ಸೇಡಂ ರಸ್ತೆಗೂ ಹರಡುತ್ತದೆ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸಿನ ದಿನ ಊರ ನಡುವಿನ ರಸ್ತೆಗಳಲ್ಲಿ ಬಸ್ಸು ಹಾಯೋದೇ ಇಲ್ಲ. ಒಂದೇ ಉದ್ದ ಮಾರ್ಗ ಆದರೆ ಎರಡೂ ಕಡೆ ನಿಂತಿತು.

ಫಾರಂ_ನಾಲ್ಕು
ಆ ದಿನಗಳು ಮೊದಲೇ ಗೊತ್ತಿರೋವು. ಅವತ್ತಿಗೆ ಮಾರ್ಗವನ್ನು ನಡುವೆ ಕತ್ತರಿಸಿ ಎರಡಾಗಿ ಓಡಿಸೋ ಬೇರೆ ಫಾರಂ-4 (ಬಸ್ಸಿನ ಟ್ರಿಪ್, ವೇಳೆಯ ಪಟ್ಟಿ) ಸಿದ್ಧ ಇಟ್ಟುಕೊಂಡರೆ ಆಯಿತು. ದಿನದ ತಡಕ್ಕೆ ಎರಡೂ ತುದಿಯ ನಿಲುಗಡೆ 5ರಿಂದ 8 ನಿಮಿಷ ಮಾಡಿ. ವರ್ಷದಲ್ಲಿ ಕೆಲವು ದಿನದ ತೊಂದರೆಗೆ ಉಳಿದ ದಿನವೆಲ್ಲ ಜನರನ್ನು ಇಳಿಸಿ ಹತ್ತಿಸೋದು ಸರಿಯಲ್ಲ.

ವಾಡಿ_ಲೈನ್
8 ನಿಮಿಷ ಸಾಲದು ಅನ್ನಿಸ್ತದೆ, ಸಂಜೆ ಆರರ ನಂತರವಂತೂ. ಮೊದಲ ಮೂರು ತಿಂಗಳು ಓಡಿಸಿ ನೋಡಿ ತಿದ್ದಲಿ.

ಸೇಡಂರೋಡ್_ಅಂಗಡಿ
ಭಾಳ ಉಪಕಾರ ಆತು. ಮನವಿಗೆ ಇಷ್ಟು ಹಿಡದೀನಿ: 10 ನಿಮಿಷಕ್ಕೊಂದು ಬಸ್ಸು, ರಾತ್ರಿ 10ರ ಕೊನೇ ಬಸ್ಸು, ಶಕ್ತಿ ಅನ್ವಯ ಆಗೋ ಬಸ್ಸು, ಸರ್ಕಲ್ ಬಾಯಾಗ ಪಾರ್ಕಿಂಗ್ ಬಂದ್, ಕಾಂಕ್ರೀಟ್ ನೆಲದ ನಿಲ್ದಾಣ, ಅಡ್ಡರಸ್ತಿಗೆ ಟಂಟಂ ಸ್ಟ್ಯಾಂಡ್, ಬೇಸಿಗಿ ವೇಳಾಪಟ್ಟಿ. ಜನ ಎಷ್ಟು ಅನ್ನೋದು ಮಾತ್ರ ನಮ್ಮ ಕೈಯಾಗ ಇಲ್ಲ. ಎಣಿಸೋದು ಹ್ಯಾಂಗ?

ಫಾರಂ_ನಾಲ್ಕು
ನಾಲ್ಕು ಜನ ಸಾಕು. ರಿಂಗ್ ರೋಡ್ ದಾಟಿದ ತಕ್ಷಣ ಒಂದು ಜಾಗ ಹಿಡೀರಿ, ರಸ್ತೆಯ ಪ್ರತಿ ಬದಿ ಇಬ್ಬರು. ಮುಂಜಾನೆ 8.30ರಿಂದ 10.30, ಸಂಜೆ 5.30ರಿಂದ 8.30. ಹಾಳೆಯಲ್ಲಿ ಪ್ರತಿ 15 ನಿಮಿಷಕ್ಕೆ ಒಂದು ಸಾಲು. ಒಬ್ಬ ಬೈಕ್, ಕಾರು ಮಾತ್ರ ಎಣಿಸಲಿ. ಇನ್ನೊಬ್ಬ ಬಸ್ಸು, ಟಂಟಂ, ಕಾಲೇಜು ಬಸ್ಸು, ಮ್ಯಾಕ್ಸಿಕ್ಯಾಬು. ಟಂಟಂನಲ್ಲಿ ತಲೆ ಎಣಿಸಬಹುದು. ಬಸ್ಸು ನಿಲ್ಲಲ್ಲ, ಅದಕ್ಕೆ ನಾಲ್ಕು ಗುರುತು ಮಾಡಿ: ಅರ್ಧ ಸೀಟು ಖಾಲಿ, ಸೀಟು ಭರ್ತಿ, ಕೆಲವರು ನಿಂತವರು, ಬಾಗಿಲ ತನಕ ಭರ್ತಿ. ಆಮೇಲೆ ಪ್ರತಿ ಗುರುತಿಗೆ ಒಂದು ಸಂಖ್ಯೆ ಹಿಡೀಬಹುದು.

ದೂರದೂರಿನ ಬಸ್ಸು ಬೇರೆ ಕಾಲಂನಲ್ಲಿ ಬರೀರಿ. ಸೇಡಂ, ಚಿಂಚೋಳಿಗೆ ಹೋಗೋರು ನಿಮ್ಮ ಅಂಗಡಿಗೆ ಬರೋರಲ್ಲ, ಆ ಸಂಖ್ಯೆ ಸೇರಿದರೆ ಲೆಕ್ಕ ಉಬ್ಬುತ್ತದೆ, ಅಧಿಕಾರಿಗಳು ಮೊದಲು ಅದನ್ನೇ ಹಿಡೀತಾರೆ.

ಜೀರೋ_ಟಿಕೆಟ್
ಟಂಟಂನಲ್ಲಿ ಹೆಂಗಸರು ಎಷ್ಟು ಅಂತಲೂ ಒಂದು ಕಾಲಂ ಹಾಕಿ. ಮತ್ತೆ ರಾತ್ರಿ 9.30ರಿಂದ 10ರ ತನಕ ಅರ್ಧ ತಾಸು ಹೆಚ್ಚಿಗೆ ಎಣಿಸಿ, ಕೊನೆಯ ಬಸ್ಸು ಬೇಕೆನ್ನೋಕೆ ಆ ಸಂಖ್ಯೆ ಬೇಕು.

ಗಂಜ್_ಗೇಟ್
ಯಾವ ದಿನ? ಸೋಮವಾರನೇ ಮಾಡೋಣಲ್ಲ, ಮಂದಿ ಭಾಳ ಇರ್ತಾರ.

ಫಾರಂ_ನಾಲ್ಕು
ಅದಕ್ಕೇ ಬೇಡ. ಶ್ರಾವಣ ಸೋಮವಾರ, ಅಮಾವಾಸ್ಯೆ, ಪರೀಕ್ಷೆ ದಿನ, ಮದುವೆ ಮುಹೂರ್ತ ಹೆಚ್ಚಿರೋ ದಿನ ಬಿಡಿ. ಮಂಗಳವಾರ, ಬುಧವಾರ ಎರಡು ದಿನ, ಜೊತೆಗೆ ಒಂದು ಭಾನುವಾರ. ಭಾನುವಾರದ್ದು ಗಿರಾಕಿಯ ಲೆಕ್ಕಕ್ಕೆ.

ಮೂರುಗಾಲಿ
ಎಣಿಸ್ಲಾಕ ಸ್ಟ್ಯಾಂಡಿನ ಇಬ್ಬರು ಹುಡುಗರನ್ನ ನಾ ಕಳಸ್ತೀನಿ. ಟಂಟಂ ಯಾವ ಓಣಿಗಿ ಹೋಗ್ತದ ಅಂತ ಮುಖ ನೋಡೇ ಹೇಳ್ತಾರ, ಅದನ್ನೂ ಬರಕೋರಿ.

ಸೇಡಂರೋಡ್_ಅಂಗಡಿ
ಹಾಳಿ ನಾಳೆ ಇಲ್ಲೇ ಹಾಕ್ತೀನಿ, ಕಾಲಂ ಕಮ್ಮಿ ಆಗಿದ್ರ ಹೇಳ್ರಿ. ಬರೋ ಮಂಗಳವಾರ ಮುಂಜಾನಿ ಎಂಟಕ್ಕ ರಿಂಗ್ ರೋಡ್ ಸರ್ಕಲ್ ದಾಟಿ ಎಡಗಡಿ ಕೂಡೋಣ. ನೀರಿನ ಬಾಟ್ಲಿ, ಟೋಪಿಗಿ, ರಟ್ಟು ನಾವು ತರ್ತೀವಿ.